ತಾತನ ಮನೆಯ ಮರದಲ್ಲಿ ವಾರಾಂತ್ಯದ ಮನೆ: ಮೊದಲು ತೊಲೆ ಅಳೆಯಿರಿ, ಆಮೇಲೆ ನಕ್ಷೆ ಬರೆಸಿ

ಓದುಗರೊಬ್ಬರ ಪ್ರಶ್ನೆ:

ತಾತ ಕಟ್ಟಿಸಿದ್ದ ಮನೆಯನ್ನು ಹೋದ ವರ್ಷ ಬಿಚ್ಚಿಸಿದೆವು. ಅದರ ತೊಲೆ, ಕಂಬ, ಅಟ್ಟದ ಹಲಗೆ, ಎಂಟು ಬಾಗಿಲು, ಹದಿಮೂರು ಕಿಟಕಿ ಎಲ್ಲವನ್ನೂ ಒಂದು ಶೆಡ್ಡಿನಲ್ಲಿ ಪೇರಿಸಿಟ್ಟಿದ್ದೇವೆ. ಎರಡು ಗಂಟೆ ದಾರಿಯಲ್ಲಿ ನಮ್ಮದೊಂದು ಜಾಗ ಇದೆ. ಶನಿವಾರ, ಭಾನುವಾರ ಹೋಗಿ ಇರುವಂಥ ಸಣ್ಣ ಮನೆಯನ್ನು ಇದೇ ಮರದಲ್ಲಿ ಕಟ್ಟಬೇಕು ಅಂತ ಆಸೆ. ನಾವಿಬ್ಬರು, ಮೂರು ಮತ್ತು ಒಂಬತ್ತು ವರ್ಷದ ಮಕ್ಕಳು, ಮಂಡಿನೋವಿರುವ ನಮ್ಮತ್ತೆ, ಇಷ್ಟು ಜನ. ಮಕ್ಕಳಿಗೆ ಮಲಗಲು ಮೇಲೊಂದು ಅಟ್ಟ, ಹೊರಗೆ ದೊಡ್ಡ ಮರದ ಜಗುಲಿ, ಮೆಟ್ಟಿಲಿಗೆ ಹಳೇ ರೈಲ್ವೆ ಸ್ಲೀಪರ್ ಅಂತ ಅಂದುಕೊಂಡಿದ್ದೇವೆ. ನಮ್ಮ ಬಡಗಿ, 'ಹಳೇ ಮರ ಕಬ್ಬಿಣ ಇದ್ದಂಗೆ, ಹುಳ ಮುಟ್ಟಲ್ಲ' ಅನ್ನುತ್ತಾರೆ. ಕಂಟ್ರಾಕ್ಟರ್, 'ಅದೆಲ್ಲ ಸೌದೆ, ಮಾರಿಬಿಡಿ' ಅನ್ನುತ್ತಾರೆ. ಕೆಲವು ತೊಲೆಗಳಲ್ಲಿ ಸಣ್ಣ ತೂತುಗಳಿವೆ. ಬಾಗಿಲುಗಳಿಗೆ ನಾಲ್ಕೈದು ಪದರ ಬಣ್ಣ ಇದೆ. ಯಾರ ಮಾತು ನಂಬಬೇಕು? ಖರ್ಚು ಉಳಿಯುತ್ತಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನಿಮ್ಮ ಬಡಗಿ ಹೇಳಿದ್ದರಲ್ಲೂ ನಿಜ ಇದೆ, ಕಂಟ್ರಾಕ್ಟರ್ ಹೇಳಿದ್ದರಲ್ಲೂ ನಿಜ ಇದೆ. ಅದಕ್ಕೇ ನಿಮಗೆ ಇಷ್ಟು ಗೊಂದಲ. ಆದರೆ ಇಬ್ಬರೂ ಮರದ ಬಗ್ಗೆ ಮಾತ್ರ ಯೋಚಿಸಿದ್ದಾರೆ. ಅದು ಎಂಥ ಮನೆಗೆ ಹೋಗುತ್ತದೆ ಅಂತ ಯೋಚಿಸಿಲ್ಲ. ನೀವು ಕಟ್ಟಲು ಹೊರಟಿರುವುದು ವಾರದಲ್ಲಿ ಐದು ದಿನ ಬೀಗ ಹಾಕಿರುವ ಮನೆ.

ದಿನಾ ಜನ ಇರುವ ಮನೆಯಲ್ಲಿ ಮಾಡಿನಿಂದ ಒಂದು ಹನಿ ಬಿದ್ದರೆ ಅವತ್ತೇ ಗೊತ್ತಾಗುತ್ತದೆ. ಕೆಳಗೊಂದು ಬಕೆಟ್ ಇಟ್ಟು ಮಾರನೇ ದಿನ ಯಾರನ್ನಾದರೂ ಕರೆಸುತ್ತೇವೆ. ವಾರಾಂತ್ಯದ ಮನೆಯಲ್ಲಿ ಹಾಗಲ್ಲ. ಮಗುವಿಗೆ ಜ್ವರ, ಆಫೀಸಿನಲ್ಲಿ ಕೆಲಸ, ಯಾರದೋ ಮದುವೆ ಅಂತ ಒಂದೂವರೆ ತಿಂಗಳು ಹೋಗಲಿಕ್ಕೇ ಆಗಿರುವುದಿಲ್ಲ. ಅಷ್ಟೂ ದಿನ ಆ ಹನಿ ಅದೇ ಜಾಗದಲ್ಲಿ ಬೀಳುತ್ತಿರುತ್ತದೆ. ಕಿಟಕಿ ಮುಚ್ಚಿರುತ್ತದೆ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ನಾನು ನೋಡಿರುವ ಹಾಳಾದ ಮರದ ಮನೆಗಳಲ್ಲಿ ಹೆಚ್ಚಿನವು ಮರ ಹಳೆಯದು ಅಂತ ಹಾಳಾದದ್ದಲ್ಲ. ಒದ್ದೆಯಾದದ್ದು ಯಾರಿಗೂ ಕಾಣದೆ ಹಾಳಾದದ್ದು.

ಆದ್ದರಿಂದ ಕೆಳಗೆ ಏನೇ ಹೇಳಿದರೂ ಅದರ ಹಿಂದೆ ಒಂದೇ ಮಾತಿದೆ. ಹಳೇ ಮರ ಕಣ್ಣಿಗೆ ಕಾಣುವ ಕಡೆ, ಕೈಗೆ ಎಟುಕುವ ಕಡೆ, ಗಾಳಿಯಾಡುವ ಕಡೆ ಇರಲಿ. ಗೋಡೆಯ ಒಳಗೆ, ನೆಲದ ಅಡಿಯಲ್ಲಿ, ಸುಳ್ಳು ಸೀಲಿಂಗ್ ಮೇಲೆ ಅದನ್ನು ಬಚ್ಚಿಡಬೇಡಿ.

ಈಗ ಬಡಗಿಯ ಮಾತಿಗೆ ಬರೋಣ. ಹಳೇ ಮರ ಕಬ್ಬಿಣ ಇದ್ದ ಹಾಗೆ ಅಂತ ಅವರು ಹೇಳಲು ಕಾರಣ ಇದೆ. ಹಿಂದೆ ಮನೆಗೆ ಬಳಸುತ್ತಿದ್ದದ್ದು ಹೆಚ್ಚಾಗಿ ವಯಸ್ಸಾದ ದೊಡ್ಡ ಮರಗಳನ್ನು. ಅವುಗಳಲ್ಲಿ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ ಜಾಸ್ತಿ, ಹೊರಗಿನ ಬಿಳಿ ಭಾಗ ಕಡಿಮೆ. ಹತ್ತಾರು ವರ್ಷ ಒಣಗಿ, ಎಷ್ಟು ತಿರುಚಬೇಕೋ ತಿರುಚಿ, ಎಷ್ಟು ಬಿರುಕು ಬಿಡಬೇಕೋ ಬಿಟ್ಟು ಮುಗಿದಿರುತ್ತದೆ. ಈಗ ಬೇಗ ಬೆಳೆಸಿ ಕಡಿದ ಮರದ ಪಕ್ಕದಲ್ಲಿಟ್ಟರೆ ಅದು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಆದರೆ ಹಳೆಯದಾದಷ್ಟೂ ಮರ ಗಟ್ಟಿಯಾಗುತ್ತಾ ಹೋಗುತ್ತದೆ ಅನ್ನುವುದು ತಪ್ಪು ನಂಬಿಕೆ. ಒಣಗಿದ್ದರೆ, ಹುಳು ತಿನ್ನದಿದ್ದರೆ, ಮರ ತನ್ನ ಬಲವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಅಷ್ಟೇ. ಅದರ ಜೊತೆಗೆ ಸ್ವಲ್ಪ ಪೆಡಸಾಗಿಯೂ ಇರುತ್ತದೆ. ಬಾಗಿ ತಡೆದುಕೊಳ್ಳುವ ಬದಲು ಪಟ್ಟನೆ ಮುರಿಯುವ ಗುಣ ಹೆಚ್ಚಿರುತ್ತದೆ.

ಕಂಟ್ರಾಕ್ಟರ್ ಹೆದರುವುದು ಇನ್ನೊಂದಕ್ಕೆ. ವಯಸ್ಸಿನಿಂದ ಬಲ ಹೋಗದಿದ್ದರೂ ಬಳಕೆಯಿಂದ ಹೋಗಿರಬಹುದು. ತೊಲೆಗೆ ಎಲ್ಲಿ ಕುಳಿ ಕೊರೆದಿದ್ದಾರೆ, ಎಷ್ಟು ಮೊಳೆ ಹೊಡೆದಿದ್ದಾರೆ, ವಯರ್ ಎಳೆಯಲು ಎಲ್ಲಿ ಕೆಳಗಿನ ಅಂಚು ಕೆತ್ತಿದ್ದಾರೆ ಅನ್ನುವುದೇ ಮುಖ್ಯ. ತೊಲೆಯ ನಡುಭಾಗದಲ್ಲಿ, ಕೆಳಗಿನ ಅಂಚಿನಲ್ಲಿ ಕೆತ್ತಿದ್ದರೆ ಅದು ಅತಿ ಕೆಟ್ಟ ಜಾಗ. ಭಾರ ಬಿದ್ದಾಗ ತೊಲೆ ಎಳೆದಂತಾಗುವುದು ಅಲ್ಲೇ. ಬಿರುಕುಗಳಲ್ಲೂ ವ್ಯತ್ಯಾಸ ಇದೆ. ಮರದ ಉದ್ದಕ್ಕೆ, ನಾರಿನ ಜೊತೆಗೇ ಓಡುವ ಬಿರುಕು ಒಣಗುವಾಗ ಬಂದದ್ದು. ಕಂಬಗಳಲ್ಲಿ ಅದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ನಾರನ್ನು ಅಡ್ಡ ಕತ್ತರಿಸಿ ಓರೆಯಾಗಿ ಅಂಚಿಗೆ ಬಂದಿರುವ ಬಿರುಕು ಕಂಡರೆ ಆ ತೊಲೆಯನ್ನು ಭಾರ ಹೊರುವ ಕೆಲಸಕ್ಕೆ ಬಳಸಬೇಡಿ. ತುದಿಯಲ್ಲಿ ಆರಪಾರ ಸೀಳಿದ್ದರೂ ಅಷ್ಟೇ. ಸೀಳಿದಷ್ಟನ್ನು ಕತ್ತರಿಸಿ ತೆಗೆಯಬೇಕು.

ತುದಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಮ್ಮ ನಕ್ಷೆ ನಿಂತಿರುವುದು ಅದರ ಮೇಲೆಯೇ. ಹಳೇ ಮನೆಗಳಲ್ಲಿ ತೊಲೆಯ ತುದಿ ಗೋಡೆಯ ಒಳಗೆ ಹೂತಿರುತ್ತದೆ. ಗೋಡೆ ಮಳೆಗೆ ನೆನೆದಾಗ ಆ ತುದಿ ತೇವ ಕುಡಿಯುತ್ತದೆ. ಗಾಳಿ ಸಿಗದೆ ಅಲ್ಲೇ ಕೊಳೆಯಲು ಶುರುವಾಗುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಚೂಪಾದ ಸ್ಕ್ರೂಡ್ರೈವರ್ ತಗೊಂಡು ತುದಿಯಿಂದ ಒಂದು ಗೇಣು ಒಳಗೆ ಚುಚ್ಚಿ ನೋಡಿ. ಒಳ್ಳೇ ಮರ ಒಳಗೆ ಬಿಡುವುದಿಲ್ಲ. ಕೊಳೆತ ಮರದಲ್ಲಿ ಸುಲಭವಾಗಿ ಇಳಿಯುತ್ತದೆ, ಎಬ್ಬಿದರೆ ಉದ್ದ ಸಿಬಿರು ಏಳುವ ಬದಲು ತುಂಡು ತುಂಡಾಗಿ ಪುಡಿಯಾಗುತ್ತದೆ. ಸುತ್ತಿಗೆಯಿಂದ ತಟ್ಟಿದರೂ ಗೊತ್ತಾಗುತ್ತದೆ. ಗಟ್ಟಿ ಮರ ಠಣ್ ಅನ್ನುತ್ತದೆ, ಟೊಳ್ಳಾದದ್ದು ಮಂಕಾಗಿ ದೊಪ್ ಅನ್ನುತ್ತದೆ. ಎಲ್ಲಿಯವರೆಗೆ ಕೊಳೆತಿದೆಯೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆಗಳ ನಡುವೆ ಉಳಿದದ್ದೇ ನಿಮ್ಮ ತೊಲೆಯ ನಿಜವಾದ ಉದ್ದ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಉಲ್ಟಾ ಮಾಡಿದ್ದೆ. ಮನೆಯವರ ಜೊತೆ ಕೂತು ಚೆಂದದ ನಕ್ಷೆ ಬರೆದೆ, ನಡುಮನೆ ಹದಿನಾರು ಅಡಿ ಅಗಲ. ಮರ ಬಂದ ಮೇಲೆ ತುದಿ ಕತ್ತರಿಸಿದರೆ ಒಂದು ತೊಲೆಯೂ ಹದಿಮೂರು ಅಡಿ ದಾಟಲಿಲ್ಲ. ಕೊನೆಗೆ ನಡುಮನೆಯ ಮಧ್ಯಕ್ಕೆ ಕಂಬ ನಿಲ್ಲಿಸಬೇಕಾಯಿತು. ಆ ಮನೆಯವರು ಇವತ್ತಿಗೂ ಆ ಕಂಬವನ್ನು ಸುತ್ತಿಕೊಂಡೇ ಓಡಾಡುತ್ತಾರೆ. ಅಂದಿನಿಂದ ನಾನು ಮೊದಲು ಮರ ಅಳೆಯುತ್ತೇನೆ, ಆಮೇಲೆ ಪೆನ್ಸಿಲ್ ಹಿಡಿಯುತ್ತೇನೆ.

ನೀವೂ ಹಾಗೇ ಮಾಡಿ. ಪ್ರತಿ ತೊಲೆಗೂ ಒಂದು ನಂಬರ್ ಬರೆಯಿರಿ. ಒಂದು ಪುಸ್ತಕದಲ್ಲಿ ಅದರ ಉಳಿದ ಉದ್ದ, ಅಗಲ, ಎತ್ತರ, ಕುಳಿಗಳು ಎಲ್ಲಿವೆ, ಗಂಟು ಎಲ್ಲಿದೆ ಅಂತ ಗುರುತು ಹಾಕಿ. ಫೋಟೋ ತೆಗೆದಿಡಿ. ಆ ಪಟ್ಟಿ ಕೈಗೆ ಬಂದ ಮೇಲೆ ಎಂಜಿನಿಯರ್ ಹತ್ತಿರ ಹೋಗಿ. ಯಾವ ತೊಲೆ ಎಷ್ಟು ಭಾರ ಹೊರಬಹುದು ಅಂತ ಅವರು ಒಂದೊಂದನ್ನೂ ನೋಡಿ ಹೇಳಬೇಕು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ನಾನೂ ಇಲ್ಲಿ ಕೂತು ಹೇಳಲಾರೆ.

ಒಂದು ಎಚ್ಚರಿಕೆ. ತೊಲೆ ಹೊಸದರಂತೆ ಕಾಣಲಿ ಅಂತ ಮಿಲ್ಲಿಗೆ ಹಾಕಿ ನಾಲ್ಕೂ ಕಡೆ ಕೀಸಿಸುವವರಿದ್ದಾರೆ. ತೊಲೆಯ ಗಡಸು, ಅಂದರೆ ಭಾರಕ್ಕೆ ಬಾಗದೆ ನಿಲ್ಲುವ ಗುಣ, ಅದರ ಎತ್ತರದ ಘನಕ್ಕೆ ಸರಿಯಾಗಿ ಏರಿಳಿಯುತ್ತದೆ, ಬಲ ಎತ್ತರದ ವರ್ಗಕ್ಕೆ ಸರಿಯಾಗಿ. 200 ಮಿಲಿಮೀಟರ್ ಎತ್ತರದ ತೊಲೆಯನ್ನು ಕೀಸಿ 180ಕ್ಕೆ ಇಳಿಸಿದರೆ ಗಡಸು ಶೇ. 27ರಷ್ಟು ಹೋಯಿತು, ಬಲ ಶೇ. 19ರಷ್ಟು ಹೋಯಿತು. ಎರಡು ಸೆಂಟಿಮೀಟರ್ ಅಂದಕ್ಕೆ ಕಾಲು ಭಾಗ ಗಡಸು ಕೊಟ್ಟ ಹಾಗೆ. ವಯರ್ ಬ್ರಷ್‌ನಲ್ಲಿ ಉಜ್ಜಿ, ಎಣ್ಣೆ ಹಚ್ಚಿ. ತಾತನ ಕಾಲದ ಉಳಿಯ ಗುರುತು ಉಳಿಯಲಿ, ಅದೇ ಚೆಂದ ಅಲ್ವಾ? ಆದರೆ ಬಣ್ಣ ಬಳಿದ ಮರಕ್ಕೆ ವಯರ್ ಬ್ರಷ್ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಆ ಸಣ್ಣ ತೂತುಗಳು. ತೂತು ಕಂಡ ಕೂಡಲೇ ಹುಳು ಇದೆ ಅಂತ ಅರ್ಥ ಅಲ್ಲ. ತೂತು ಅಂದರೆ ಹುಳು ಹೊರಗೆ ಹೋದ ಬಾಗಿಲು. ಹೋಗಿ ನಲವತ್ತು ವರ್ಷ ಆಗಿರಬಹುದು, ಹೋದ ತಿಂಗಳೂ ಇರಬಹುದು. ಹಳೇ ತೂತಿನ ಅಂಚು ಕಪ್ಪಾಗಿ, ಧೂಳು ಹಿಡಿದಿರುತ್ತದೆ. ಹೊಸ ತೂತಿನ ಒಳಗೆ ತಿಳಿ ಬಣ್ಣದ ಮರ ಕಾಣುತ್ತದೆ, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಕುಟ್ಟೆ ಹುಳು ಹೆಚ್ಚಾಗಿ ಹಿಡಿಯುವುದು ಬಿಳಿ ಭಾಗವನ್ನು. ಅಲ್ಲಿರುವ ಪಿಷ್ಟವೇ ಅದರ ಊಟ. ಹಾಗಾಗಿ ತೇಗದಂಥ ಮರದ ಚೇಗಿನಲ್ಲಿ ಅದಕ್ಕೆ ಕೆಲಸ ಇಲ್ಲ. ಬಡಗಿ ಹೇಳಿದ್ದು ಇಷ್ಟರ ಮಟ್ಟಿಗೆ ಸರಿ. ಆದರೆ ಅದೇ ತೊಲೆಯ ಅಂಚಿನಲ್ಲಿ ಎರಡು ಬೆರಳು ಬಿಳಿ ಭಾಗ ಉಳಿದಿದ್ದರೆ ಅದಕ್ಕೆ ರಕ್ಷಣೆ ಇಲ್ಲ.

ಪರೀಕ್ಷೆ ಸುಲಭ. ತೂತಿರುವ ಮರಗಳನ್ನು ಬೇರೆ ಇಡಿ. ಈಗಿರುವ ತೂತುಗಳನ್ನೆಲ್ಲ ಮೇಣ ಅಥವಾ ಬಣ್ಣ ಹಾಕಿ ಮುಚ್ಚಿ, ಕೆಳಗೆ ಕಪ್ಪು ಕಾಗದ ಹಾಸಿ. ಒಂದು ಬೇಸಿಗೆ ಕಳೆಯಲಿ. ಹುಳುಗಳು ಹೆಚ್ಚಾಗಿ ಹೊರಬರುವುದು ಬೆಚ್ಚಗಿನ ದಿನಗಳಲ್ಲಿ. ಹೊಸ ತೂತು, ಹೊಸ ಪುಡಿ ಕಾಣದಿದ್ದರೆ ಸಮಾಧಾನ. ಕಂಡರೆ ಎರಡು ದಾರಿ ಇವೆ. ಒಂದು, ಬಿಸಿ. ಸಾಗಣೆಗೆ ಬಳಸುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಅಂತರರಾಷ್ಟ್ರೀಯ ನಿಯಮ ಇದೆ. ಮರದ ನಟ್ಟನಡುವೆ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ನಿಲ್ಲಬೇಕು. ಮರ ಒಣಗಿಸುವ ಕುಲುಮೆ ಇರುವ ಕಡೆ ಇದನ್ನು ಮಾಡಿಸಬಹುದು. ಒಳಗಿನ ಹುಳು, ಮರಿ ಎಲ್ಲಾ ಸಾಯುತ್ತವೆ. ಆದರೆ ನಾಳೆ ಹೊಸ ಹುಳು ಬಂದರೆ ಬಿಸಿ ತಡೆಯುವುದಿಲ್ಲ. ಎರಡನೆಯದು, ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ. ಬಣ್ಣ, ವಾರ್ನಿಷ್ ಇಲ್ಲದ ಬರಿ ಮರಕ್ಕೆ ಎರಡು ಮೂರು ಸಲ ಚೆನ್ನಾಗಿ ಕುಡಿಸಬೇಕು. ಬಣ್ಣದ ಮೇಲೆ ಬಳಿದರೆ ಸುಮ್ನೆ ವ್ಯರ್ಥ. ಮಳೆ ಬೀಳುವ ಕಡೆ ಇದು ತೊಳೆದು ಹೋಗುತ್ತದೆ, ಹಾಗಾಗಿ ಒಳಗಿನ ಮರಕ್ಕೆ ಮಾತ್ರ. ಆಗುವುದಾದರೆ ಎರಡನ್ನೂ ಮಾಡಿಸಿ. ಬಿಳಿ ಭಾಗ ತುಂಬಾ ತಿಂದುಹೋಗಿದ್ದರೆ ಅಷ್ಟನ್ನು ಸೀಳಿಸಿ ತೆಗೆಯುವುದೇ ಒಳ್ಳೆಯದು.

ಗೆದ್ದಲಿನ ಕಥೆ ಬೇರೆ. ಅದು ಹಳೇ ಮರದ ಜೊತೆ ಬರುವುದಕ್ಕಿಂತ ಹೆಚ್ಚಾಗಿ ಹೊಸ ಜಾಗದ ಮಣ್ಣಿನಿಂದ ಬರುತ್ತದೆ. ಮಣ್ಣಿನ ಕೊಳವೆ ಕಟ್ಟಿಕೊಂಡು, ಬೆಳಕಿಗೆ ಮೈ ತೋರಿಸದೆ ಮೇಲೆ ಹತ್ತುತ್ತದೆ. ಬೀಗ ಹಾಕಿದ ಮನೆ ಅದಕ್ಕೆ ಒಳ್ಳೇ ಅವಕಾಶ, ಕೊಳವೆ ಒರೆಸಿ ಹಾಕುವವರು ಯಾರೂ ಇರುವುದಿಲ್ಲ. ಇಲ್ಲಿ ಔಷಧಿಗಿಂತ ವಿನ್ಯಾಸ ಮುಖ್ಯ. ಒಂದೇ ಒಂದು ಮರದ ಕಂಬವೂ ನೆಲ ಮುಟ್ಟಬಾರದು. ಕಲ್ಲಿನ ಅಥವಾ ಕಾಂಕ್ರೀಟಿನ ಪೀಠದ ಮೇಲೆ ಕಂಬ ನಿಲ್ಲಲಿ. ಮನೆಯ ನೆಲ ಮಣ್ಣಿನಿಂದ ಒಂದೂವರೆ ಎರಡು ಅಡಿ ಮೇಲಿರಲಿ. ಪೀಠದ ಸುತ್ತ ಬಗ್ಗಿ ನೋಡಲು ಜಾಗ ಬಿಡಿ. ಪೀಠ ಮತ್ತು ಕಂಬದ ನಡುವೆ ಅಂಚು ಕೆಳಕ್ಕೆ ಬಾಗಿಸಿದ ತಗಡಿನ ಹಾಳೆ ಹಾಕಿದರೆ ಗೆದ್ದಲು ಅದನ್ನು ಸುತ್ತಿಕೊಂಡು ಬರಬೇಕಾಗುತ್ತದೆ. ಆಗ ಕೊಳವೆ ನಿಮ್ಮ ಕಣ್ಣಿಗೆ ಬೀಳುತ್ತದೆ. ತಗಡು ಗೆದ್ದಲನ್ನು ಕೊಲ್ಲುವುದಿಲ್ಲ, ತೋರಿಸಿಕೊಡುತ್ತದೆ. ನಿಮಗೆ ಬೇಕಾದದ್ದೂ ಅದೇ. ಶನಿವಾರ ಬಂದ ಕೂಡಲೇ ಟಾರ್ಚ್ ಹಿಡಿದು ಒಂದು ಸುತ್ತು ಹಾಕಿದರೆ ಐದು ನಿಮಿಷದ ಕೆಲಸ.

ಮರ ನೆಲ ಬಿಟ್ಟು ಮೇಲೆದ್ದರೆ ಎಷ್ಟು ಬಾಳುತ್ತದೆ ಅನ್ನುವುದಕ್ಕೆ ನಾರ್ವೆಯ ಉರ್ನೆಸ್ ಎಂಬಲ್ಲಿನ ಮರದ ಚರ್ಚ್ ನನಗೆ ತುಂಬಾ ಇಷ್ಟದ ಉದಾಹರಣೆ. ಅದು 12ನೇ ಶತಮಾನದ್ದು. ಅದಕ್ಕಿಂತ ಹಿಂದಿನ ಚರ್ಚುಗಳಲ್ಲಿ ಕಂಬವನ್ನು ಮಣ್ಣಿನಲ್ಲೇ ಹೂಳುತ್ತಿದ್ದರು. ಬುಡ ಕೊಳೆತು ಅವು ಬಾಳಲಿಲ್ಲ. ಆಮೇಲೆ ಕಲ್ಲಿನ ಮೇಲೆ ಅಡ್ಡತೊಲೆ ಇಟ್ಟು ಅದರ ಮೇಲೆ ಕಟ್ಟಲು ಶುರು ಮಾಡಿದರು. ಉರ್ನೆಸ್ ಚರ್ಚಿನ ಉತ್ತರ ಬದಿಯ ಕೆತ್ತನೆಯ ಬಾಗಿಲವಾಡ ಅದಕ್ಕಿಂತ ಹಳೆಯ, 11ನೇ ಶತಮಾನದ ಚರ್ಚಿನಿಂದ ತಂದು ಕೂರಿಸಿದ್ದು. ಅಂದರೆ ಅದೂ ನಿಮ್ಮ ಹಾಗೇ ಹಳೇ ಮರವನ್ನು ಮತ್ತೆ ಬಳಸಿದ ಕಟ್ಟಡ. ಇವತ್ತಿಗೂ ನಿಂತಿದೆ.

ಬಣ್ಣದ ವಿಷಯವನ್ನು ನೀವು ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಆದದ್ದು ಅಲ್ಲಿ. ನಿಮ್ಮ ಸಣ್ಣ ಮಗುವಿಗೆ ಮೂರು ವರ್ಷ. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ನಿಷೇಧ ಆದದ್ದು 1978ರಲ್ಲಿ, ಎಷ್ಟೋ ದೇಶಗಳಲ್ಲಿ ಇನ್ನೂ ತಡವಾಗಿ. ನಾಲ್ಕೈದು ಪದರ ಇದೆ ಅಂದರೆ ಕೆಳಗಿನ ಪದರಗಳಲ್ಲಿ ಸೀಸ ಇದೆ ಅಂತಲೇ ಅಂದುಕೊಂಡು ಮುಂದುವರಿಯಿರಿ. ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟ ಯಾವುದೂ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಮಿದುಳು ಬೆಳೆಯುವ ವಯಸ್ಸು ಅದು.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣಕ್ಕಿಂತ ಅದನ್ನು ಕೀಳುವಾಗ ಏಳುವ ಧೂಳು ಹೆಚ್ಚು ಅಪಾಯ. ಆದ್ದರಿಂದ ಒಣ ಉಜ್ಜುಕಾಗದ, ಗ್ರೈಂಡರ್, ವಯರ್ ಬ್ರಷ್ ಬೇಡ. ಬೆಂಕಿ ಹಚ್ಚಿ ಸುಡುವುದಂತೂ ಬೇಡವೇ ಬೇಡ. ಮೊದಲು ಒಂದು ಚೂರು ಬಣ್ಣವನ್ನು ಮರದವರೆಗೂ ಕೆತ್ತಿ ತೆಗೆದು ಲ್ಯಾಬಿಗೆ ಕೊಡಿ. ಸೀಸ ಇದೆ ಅಂತ ಬಂದರೆ ಬಾಗಿಲು ಹೊರಗೆ ಕಳಿಸಿ, ಬಣ್ಣ ತೆಗೆಯುವ ದ್ರಾವಣದಲ್ಲಿ ತೆಗೆಸಬಹುದು. ಇಲ್ಲವಾದರೆ ಒದ್ದೆ ಮಾಡಿಕೊಂಡೇ ಕೆರೆಯಬೇಕು, ಕೆಳಗೆ ಹಾಸಿದ ಪ್ಲಾಸ್ಟಿಕ್ ಸಮೇತ ಕಸವನ್ನು ಕಟ್ಟಿ ತೆಗೆಯಬೇಕು. ಕೆಲಸದವರಿಗೆ ಒಳ್ಳೇ ಮಾಸ್ಕ್ ಕೊಡಿ, ಅವರು ಅದೇ ಬಟ್ಟೆಯಲ್ಲಿ ಮನೆಗೆ ಹೋಗದಂತೆ ನೋಡಿ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ಕಿಟಕಿಯ ಚೌಕಟ್ಟು, ಬಾಗಿಲ ಅಂಚು ಇಂಥ ಉಜ್ಜಾಡುವ ಜಾಗದಲ್ಲಿ ಹಳೇ ಬಣ್ಣ ಉಳಿಸಿ ಮೇಲೆ ಹೊಸದು ಬಳಿದರೆ ಸಾಲದು. ಪ್ರತಿ ಸಲ ತೆರೆದು ಮುಚ್ಚುವಾಗಲೂ ಪುಡಿ ಉದುರುತ್ತದೆ.

ರೈಲ್ವೆ ಸ್ಲೀಪರ್ ಆಸೆಯನ್ನು ಬಿಟ್ಟುಬಿಡಿ. ಇಲ್ಲಿ ನಾನು ದಾರಿ ಹುಡುಕಲು ಹೋಗುವುದಿಲ್ಲ. ಮರದ ಸ್ಲೀಪರ್‌ಗಳಿಗೆ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಕ್ರಿಯೋಸೋಟ್ ಕುಡಿಸಿರುವುದು ಸಾಮಾನ್ಯ. ಅದರಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ. ಬಿಸಿಲಿಗೆ ಅದು ಒಸರುತ್ತದೆ, ಮಕ್ಕಳು ಬರಿಗಾಲಲ್ಲಿ ಕೂತು ಆಡುವ ಮೆಟ್ಟಿಲಿಗೆ ಅದು ತಕ್ಕದ್ದಲ್ಲ. ಯುರೋಪಿನಲ್ಲಿ ಅಂಥ ಮರವನ್ನು ಕಟ್ಟಡದ ಒಳಗೆ, ಮಕ್ಕಳ ಆಟದ ಜಾಗದಲ್ಲಿ ಬಳಸುವುದನ್ನೇ ತಡೆದಿದ್ದಾರೆ. ನಿಮ್ಮ ಅತ್ತೆಯವರ ಮಂಡಿಗೂ ಮೆಟ್ಟಿಲಿಗಿಂತ ಇಳಿಜಾರು ದಾರಿ ಒಳ್ಳೆಯದು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇಟ್ಟುಕೊಳ್ಳಿ, ಪಕ್ಕಕ್ಕೊಂದು ಹಿಡಿಕೆ ಇರಲಿ. ಹೊರಗಿನಿಂದ ಬೇರೆ ಹಳೇ ಮರ ಕೊಳ್ಳುವುದಾದರೂ ಹಸಿರು ಛಾಯೆ ಇರುವುದನ್ನು ದೂರ ಇಡಿ. ಅದಕ್ಕೆ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಕುಡಿಸಿರಬಹುದು. ಅದರ ತುಂಡುಗಳನ್ನು ಯಾವ ಕಾರಣಕ್ಕೂ ಒಲೆಗೆ ಹಾಕಬೇಡಿ, ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ. ಪ್ಯಾಲೆಟ್ ಮರದ ಮೇಲೆ 'ಎಂಬಿ' ಅನ್ನುವ ಮುದ್ರೆ ಇದ್ದರೆ ಅದಕ್ಕೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟಿದ್ದಾರೆ ಅಂತ ಅರ್ಥ, 'ಎಚ್‌ಟಿ' ಇದ್ದರೆ ಬಿಸಿ ಕೊಟ್ಟದ್ದು. ಎರಡನೆಯದನ್ನೇ ತಗೊಳ್ಳಿ.

ಇಷ್ಟಾದ ಮೇಲೆ ತೇವದ ಲೆಕ್ಕ. ಮರದಲ್ಲಿ ತೇವ ಶೇ. 20ಕ್ಕಿಂತ ಕೆಳಗೆ ಇರುವವರೆಗೂ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಕಂಬ, ತೊಲೆಗೆ ಅದು ಸಾಕು. ನೆಲದ ಹಲಗೆಗೆ ಸಾಲದು. ಮರ ಉದ್ದಕ್ಕೆ ಬಹುತೇಕ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಗಲಕ್ಕೆ ಮಾತ್ರ ಚೆನ್ನಾಗಿ ಆಡುತ್ತದೆ. ಎಂಟು ಇಂಚು ಅಗಲದ ಹಲಗೆ ತೇವ ಶೇ. 4ರಷ್ಟು ಇಳಿದರೆ, ಮರದ ಜಾತಿ ನೋಡಿಕೊಂಡು, ಒಂದೂವರೆ ಎರಡು ಮಿಲಿಮೀಟರ್ ಕುಗ್ಗಬಹುದು. ಹದಿನೈದು ಹಲಗೆ ಸೇರಿದರೆ ಎರಡು ಮೂರು ಸೆಂಟಿಮೀಟರ್. ಶೆಡ್ಡಿನಿಂದ ತಂದ ಹಲಗೆಯನ್ನು ಮಾರನೇ ದಿನವೇ ಒತ್ತೊತ್ತಾಗಿ ಹೊಡೆದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಏಳುತ್ತದೆ. ಹಲಗೆಗಳ ನಡುವೆ ಪಟ್ಟಿ ಕೊಟ್ಟು, ಮಾಡು ಹಾಕಿದ ಹೊಸ ಮನೆಯ ಒಳಗೇ ಕೆಲವು ವಾರ ಪೇರಿಸಿಡಿ. ಅಲ್ಲಿನ ಗಾಳಿಗೆ ಅದು ಹೊಂದಿಕೊಳ್ಳಲಿ. ತೇವ ಅಳೆಯುವ ಮೀಟರ್ ಒಂದು ಇರಲಿ. ಮೇಲ್ಮೈ ಅಲ್ಲ, ಹೊಸದಾಗಿ ಕತ್ತರಿಸಿದ ತುದಿಯ ನಡುವೆ ಚುಚ್ಚಿ ನೋಡಬೇಕು.

ಈಗ ಮನೆ. ನಿಮ್ಮ ಮುಂದೆ ಮೂರು ದಾರಿ ಇವೆ ಅಂತ ನನಗೆ ಕಾಣುತ್ತದೆ.

ಇಡೀ ಮನೆಯ ಹಂದರವನ್ನೇ ಹಳೇ ಮರದಲ್ಲಿ ನಿಲ್ಲಿಸುವುದು ಒಂದು. ಮನಸ್ಸಿಗೆ ಬಹಳ ಹಿಡಿಸುತ್ತದೆ. ಆದರೆ ಪ್ರತಿ ಕಂಬ, ಪ್ರತಿ ಜೋಡಣೆಯನ್ನೂ ಎಂಜಿನಿಯರ್ ಒಪ್ಪಬೇಕು. ಒಂದು ತೊಲೆ ಕಡಿಮೆ ಬಿದ್ದರೆ ಅದೇ ಅಳತೆಯದು ಹುಡುಕಬೇಕು. ಹಳೇ ಜೋಡಣೆ ಗೊತ್ತಿರುವ ಬಡಗಿ ಬೇಕು. ಸಮಯ ಎಷ್ಟು ಹಿಡಿಯುತ್ತದೆ ಅಂತ ಯಾರೂ ಮಾತು ಕೊಡಲಾರರು. ಇದಕ್ಕೆ ಪೂರ್ತಿ ಎದುರಿನ ದಾರಿ ಅಂದರೆ, ಗೋಡೆ, ಮಾಡು ಎಲ್ಲಾ ಹೊಸದಾಗಿ ಕಟ್ಟಿ, ಹಳೇ ಮರವನ್ನು ಬಾಗಿಲು, ಕಿಟಕಿ, ಮೇಜು, ಕಪಾಟಿಗೆ ಬಳಸುವುದು. ಅಪಾಯ ಬಹಳ ಕಡಿಮೆ. ಆದರೆ ತಾತನ ತೊಲೆಗಳು ಶೆಡ್ಡಿನಲ್ಲೇ ಉಳಿಯುತ್ತವೆ.

ನಾನು ಹೇಳುವುದು ನಡುವಿನ ದಾರಿ. ಮನೆಯ ಹೃದಯದಂಥ ಒಂದು ದೊಡ್ಡ ಕೋಣೆ, ಅದರ ಮುಂದಿನ ಜಗುಲಿ, ಇಷ್ಟನ್ನು ಹಳೇ ಕಂಬ ತೊಲೆಗಳಲ್ಲಿ ಕಟ್ಟಿ. ಆ ಕೋಣೆಯ ಅಗಲವನ್ನು ತೊಲೆಗಳೇ ತೀರ್ಮಾನಿಸಲಿ. ಅಕ್ಕಪಕ್ಕ ಒಟ್ಟಿಗೆ ಕೂರಬೇಕಾದ ತೊಲೆಗಳಲ್ಲಿ ಅತಿ ಗಿಡ್ಡದ್ದು ಯಾವುದೋ ಅದೇ ಕೋಣೆಯ ಅಗಲ. ತೊಲೆಯ ತುದಿ ಗೋಡೆಯೊಳಗೆ ಹೋಗದೆ ಕಂಬದ ಮೇಲೋ ಕಲ್ಲಿನ ಚಾಚಿನ ಮೇಲೋ ಕೂರಲಿ, ಸುತ್ತ ಗಾಳಿಯಾಡಲಿ. ಮಾಡು ಸರಳವಾಗಿ ಎರಡು ಇಳಿಜಾರು ಇರಲಿ, ಮೂಲೆ ಮುರುಕು, ಒಳಗಿನ ಗಟಾರ ಬೇಡ. ಸೂರು ಮೂರು ಅಡಿಯಾದರೂ ಹೊರಚಾಚಲಿ. ಬಚ್ಚಲು, ಅಡುಗೆಮನೆ, ಮಲಗುವ ಕೋಣೆಗಳು ಪಕ್ಕದಲ್ಲಿ ಇಟ್ಟಿಗೆಯದ್ದಾಗಿರಲಿ. ನೀರಿನ ಪೈಪುಗಳೆಲ್ಲ ಒಂದೇ ಗೋಡೆಯಲ್ಲಿ ಬರಲಿ, ಆ ಗೋಡೆ ಹಳೇ ಮರಕ್ಕೆ ತಾಗದಿರಲಿ. ಬಾಗಿಲ ಹತ್ತಿರ ಒಂದು ಮುಖ್ಯ ವಾಲ್ವ್ ಇಡಿಸಿ. ಭಾನುವಾರ ಸಂಜೆ ಬೀಗ ಹಾಕುವ ಮುಂಚೆ ಅದನ್ನು ಮುಚ್ಚಿದರೆ ಪೈಪ್ ಒಡೆದು ಮನೆ ನೆನೆಯುವ ಭಯ ಇಲ್ಲ. ಸೂರಿನ ಅಡಿಯಲ್ಲಿ ಜಾಲರಿ ಹಾಕಿದ ಗಾಳಿಗಿಂಡಿ ಬಿಡಿ, ಬೀಗ ಹಾಕಿದರೂ ಗಾಳಿ ಓಡಾಡಲಿ.

ಜಗುಲಿಯ ನೆಲಕ್ಕೆ ಅಟ್ಟದ ಹಲಗೆ ಹಾಕುವ ಯೋಚನೆ ಇದ್ದರೆ ಬೇಡ. ಜೀವನವಿಡೀ ಒಳಗಿದ್ದ ಹಲಗೆ ಮಳೆ ಬಿಸಿಲಿಗೆ ಬಿದ್ದರೆ ಬೇಗ ಹಾಳಾಗುತ್ತದೆ. ಹೊರಗೆ ಕಲ್ಲು ಹಾಸಿ, ಮಾಡಿನ ಕೆಳಗೆ ಹಳೇ ಕಂಬ ನಿಲ್ಲಿಸಿ. ಹಲಗೆಗಳು ಮಕ್ಕಳ ಅಟ್ಟಕ್ಕೆ ಹೋಗಲಿ, ಅಲ್ಲಿಯೇ ಇದ್ದವು ಅವು.

ಅಟ್ಟ ಅಂದಾಗ ಬೆಂಕಿಯ ಮಾತು ಬರುತ್ತದೆ. ದಪ್ಪ ಮರ ಜನ ಅಂದುಕೊಂಡಷ್ಟು ಬೇಗ ಬೀಳುವುದಿಲ್ಲ. ಹೊರಗೆ ಕರಿಯಾಗಿ, ಆ ಕರಿಯೇ ಒಳಗಿನ ಮರವನ್ನು ಕಾಯುತ್ತದೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಒಳಗೆ ಸುಡುತ್ತದೆ ಅಂತ ಲೆಕ್ಕ ಹಿಡಿದರೆ, 150 ಮಿಲಿಮೀಟರ್ ಚೌಕದ ಕಂಬದಲ್ಲಿ ಅರ್ಧ ಗಂಟೆಯ ನಂತರವೂ ನಡುವೆ ನೂರು ಮಿಲಿಮೀಟರ್‌ಗಿಂತ ಹೆಚ್ಚು ಗಟ್ಟಿ ಮರ ಉಳಿದಿರುತ್ತದೆ. ತೆಳು ಹಲಗೆಗೆ ಈ ಮಾತು ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಲಗಿರುವ ಮಕ್ಕಳಿಗೆ ಮೊದಲು ಅಪಾಯ ಆಗುವುದು ಹೊಗೆಯಿಂದ. ಹೊಗೆ ಮೇಲೇರಿ ಮೊದಲು ತುಂಬುವುದು ಅಟ್ಟದಲ್ಲೇ. ಹಾಗಾಗಿ ಅಟ್ಟಕ್ಕೆ ಏಣಿಯ ಹೊರತಾಗಿ ಇನ್ನೊಂದು ದಾರಿ ಇರಲೇಬೇಕು, ಮಗು ತೆರೆದು ಹೊರಬರುವಷ್ಟು ದೊಡ್ಡ ಕಿಟಕಿ, ಅದರ ಕೆಳಗೆ ಜಗುಲಿಯ ಮಾಡು. ಹೊಗೆ ಕಂಡರೆ ಕೂಗುವ ಅಲಾರಂ ಅಟ್ಟದಲ್ಲೊಂದು, ಕೆಳಗೊಂದು ಇರಲಿ. ಮೂರು ವರ್ಷದ ಮಗು ಸದ್ಯಕ್ಕೆ ಕೆಳಗೇ ಮಲಗಲಿ.

ಬಾಗಿಲು, ಕಿಟಕಿಗಳ ಬಗ್ಗೆ ಎರಡು ಮಾತು. ಗೋಡೆ ಕಟ್ಟಿದ ಮೇಲೆ ಕಿಟಕಿ ಕೂರಿಸಲು ಹೊರಟರೆ ಒಂದೂ ಸರಿಯಾಗಿ ಕೂರುವುದಿಲ್ಲ, ಹದಿಮೂರು ಕಿಟಕಿಗೆ ಹದಿಮೂರು ಅಳತೆ ಇರುತ್ತದೆ. ಅಳೆದುಕೊಂಡೇ ಗೋಡೆ ಕಟ್ಟಿಸಿ. ಮೂಲೆ ಮಟ್ಟ ತಪ್ಪಿದ ಬಾಗಿಲನ್ನು ಕೀಸಿ ಕೀಸಿ ಚೌಕಟ್ಟಿಗೆ ಕೂರಿಸುವ ಬದಲು ಗೋಡೆಯ ಹೊರಮುಖಕ್ಕೆ ಹಳಿ ಹಾಕಿ ಜಾರುವ ಬಾಗಿಲು ಮಾಡಿಸಿ, ಮಟ್ಟ ತಪ್ಪಿದ್ದು ಅಲ್ಲಿ ತೊಂದರೆ ಕೊಡುವುದಿಲ್ಲ. ಹಳೇ ಕಿಟಕಿಯ ಗಾಜು ಒಡೆದರೆ ಚೂಪಾದ ಚೂರಾಗುತ್ತದೆ. ಮಕ್ಕಳ ಎತ್ತರಕ್ಕೆ ಬರುವ ಗಾಜುಗಳನ್ನು ಸುರಕ್ಷಾ ಗಾಜಿಗೆ ಬದಲಿಸಿ.

ಖರ್ಚು ಉಳಿಯುತ್ತಾ ಅಂತ ಕೇಳಿದ್ದೀರಿ. ಉಳಿಯುತ್ತದೆ ಅಂದುಕೊಂಡು ಶುರು ಮಾಡಬೇಡಿ. ಮರದ ದುಡ್ಡು ಉಳಿಯುತ್ತದೆ, ಕೂಲಿ ಹೆಚ್ಚುತ್ತದೆ. ಒಂದೊಂದೇ ಮೊಳೆ ಕೀಳಬೇಕು. ಒಳಗೆ ಮುರಿದುಕೊಂಡಿರುವ ಮೊಳೆಗೆ ಗರಗಸದ ಹಲ್ಲು ತಾಗಿದರೆ ಬ್ಲೇಡ್ ಹೋಗುತ್ತದೆ, ಕೆಲಸದವರಿಗೂ ಏಟಾಗುತ್ತದೆ. ಮಿಲ್ಲಿಗೆ ಹಾಕುವ ಮುಂಚೆ ಲೋಹ ಪತ್ತೆ ಮಾಡುವ ಯಂತ್ರ ಆಡಿಸಿ ನೋಡಲೇಬೇಕು. ತುದಿ ಕತ್ತರಿಸಿ, ತಿಂದದ್ದು ತೆಗೆದು, ಸೀಳಿದ್ದು ಬಿಟ್ಟರೆ ನನ್ನ ಕೆಲಸಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಹೋಗಿದ್ದೇ ಹೆಚ್ಚು. ಹೊಸ ಮರದಲ್ಲಿ ಕಟ್ಟಿದಷ್ಟೇ ಖರ್ಚು ಬರುತ್ತದೆ, ಸಮಯ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಮುಂದೆ ಹೋಗಿ. ನಿಮ್ಮ ಪತ್ರ ಓದಿದರೆ ನೀವು ದುಡ್ಡು ಉಳಿಸಲು ಇದಕ್ಕೆ ಕೈ ಹಾಕಿದ ಹಾಗೆ ಕಾಣಲಿಲ್ಲ. ಮಕ್ಕಳು ಮುತ್ತಾತನ ತೊಲೆಯ ಕೆಳಗೆ ಮಲಗಬೇಕು ಅನ್ನುವ ಆಸೆ ಅದರಲ್ಲಿ ಕಾಣುತ್ತದೆ. ಆ ಆಸೆ ಸರಿಯಾದದ್ದೇ.

ನಕ್ಷೆ, ಎಂಜಿನಿಯರ್, ಬಡಗಿ ಎಲ್ಲಾ ಮುಂದಿನ ಮಾತು. ಇವತ್ತು ನೀವು ಮಾಡಬಹುದಾದದ್ದು ಶೆಡ್ಡಿಗೆ ಹೋಗುವುದು. ಮರ ನೇರ ನೆಲದ ಮೇಲಿದ್ದರೆ ಇಟ್ಟಿಗೆ ಕೊಟ್ಟು ಎತ್ತಿಡಿಸಿ. ಒಂದರ ಮೇಲೊಂದು ಅಂಟಿಕೊಂಡಿದ್ದರೆ ನಡುವೆ ರೀಪು ಕೊಟ್ಟು ಗಾಳಿ ಬಿಡಿಸಿ. ಟಾರ್ಪಾಲಿನ್ ಸುತ್ತಿದ್ದರೆ ಬಿಚ್ಚಿ, ಅದರೊಳಗೆ ತೇವ ಕಟ್ಟುತ್ತದೆ. ಆಮೇಲೆ ಒಂದು ಸಲ ತಲೆ ಎತ್ತಿ ಶೆಡ್ಡಿನ ಮಾಡಿನಲ್ಲಿ ಎಲ್ಲಾದರೂ ಬೆಳಕು ಕಾಣುತ್ತಿದೆಯಾ ಅಂತ ನೋಡಿ.